ರೀಸೆಟ್ ಹೊಡೆಸುವ ಮೊದಲು: ಫೋನಿಗೆ ಕಳ್ಳ ಆ್ಯಪ್ ಸೇರಿದೆಯೇ ಎಂದು ಪತ್ತೆ ಹಚ್ಚುವ ಕ್ರಮ

ಕೆಎ-17 ನಂಬರಿನ ಬೈಕಿಗೆ ದಂಡ ಬಿದ್ದಿದೆ ಎಂದು ವಾಟ್ಸಾಪ್‌ನಲ್ಲಿ ಒಂದು ಸಂದೇಶ, ಅದರ ಕೆಳಗೆ ‘ಚಲನ್’ ಹೆಸರಿನ ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು. ಮದುವೆ ತಿಂಗಳುಗಳಲ್ಲಿ ಅದೇ ಬಗೆಯ ಫೈಲು ಲಗ್ನಪತ್ರಿಕೆಯ ಹೆಸರಲ್ಲಿ ಬರುತ್ತದೆ, ಮೆಕ್ಕೆಜೋಳ ಬಿತ್ತುವ ಹೊತ್ತಿಗೆ ಪಿಎಂ ಕಿಸಾನ್ ಅಥವಾ ಬೆಳೆ ವಿಮೆಯ ಹೆಸರಲ್ಲಿ. ಕಳಿಸಿದವರು ಅಪರಿಚಿತರೇ ಆಗಿರಬೇಕೆಂದಿಲ್ಲ. ಜಗಳೂರಿನ ಸೋದರಮಾವನ ನಂಬರಿನಿಂದಲೇ ಬಂದಿರಬಹುದು, ಯಾಕೆಂದರೆ ಅವರ ಫೋನು ನಿನ್ನೆಯೇ ಕಳ್ಳರ ಕೈಗೆ ಸಿಕ್ಕಿದೆ. ಒತ್ತಿ ಇನ್‌ಸ್ಟಾಲ್ ಮಾಡಿದ ಕೆಲವೇ ಗಂಟೆಗಳಲ್ಲಿ ಕೇಳದ ಒಟಿಪಿಗಳು ಬರತೊಡಗುತ್ತವೆ, ಖಾತೆ ಖಾಲಿಯಾಗುತ್ತದೆ.

ಮಾರನೇ ದಿನ ಬಹಳ ಮಂದಿ ಮಾಡುವುದು ಒಂದೇ ಕೆಲಸ: ಮೊಬೈಲ್ ಅಂಗಡಿಗೆ ಹೋಗಿ ‘ರೀಸೆಟ್ ಹೊಡೆದುಕೊಡಿ’ ಎನ್ನುವುದು. ಹತ್ತೇ ನಿಮಿಷದಲ್ಲಿ ಫೋನು ಹೊಸದರಂತೆ ಆಗುತ್ತದೆ ನಿಜ. ಆದರೆ ಯಾವ ಆ್ಯಪ್, ಎಷ್ಟು ಗಂಟೆಗೆ ಬಂತು, ಯಾರ ನಂಬರಿನಿಂದ ಬಂತು, ನಿಮ್ಮ ಸಿಮ್‌ನಿಂದ ಯಾವ ಎಸ್ಸೆಮ್ಮೆಸ್ ಹೊರಗೆ ಹೋಯಿತು ಎಂಬ ಗುರುತುಗಳೆಲ್ಲ ಅದರ ಜತೆಗೇ ಅಳಿಯುತ್ತವೆ. ಇನ್ನೂ ಕೆಟ್ಟದ್ದೇನೆಂದರೆ, ಕಳ್ಳರು ನಿಮ್ಮ ನಂಬರಿನ ಯುಪಿಐಯನ್ನು ಅಷ್ಟರಲ್ಲಿ ತಮ್ಮ ಫೋನಿನಲ್ಲಿ ಕಟ್ಟಿಕೊಂಡಿದ್ದರೆ, ನಿಮ್ಮ ಫೋನನ್ನು ಎಷ್ಟು ಸಲ ರೀಸೆಟ್ ಮಾಡಿದರೂ ಅದು ಬಿಡುವುದಿಲ್ಲ. ಹಾಗಾಗಿ ಕ್ರಮ ಹೀಗಿರಬೇಕು: ಮೊದಲು ಸಂಪರ್ಕ ಕಡಿಯುವುದು, ನಂತರ ಬ್ಯಾಂಕು, ನಂತರ ದಾಖಲೆ, ನಂತರ ಪತ್ತೆ. ರೀಸೆಟ್ ಎಲ್ಲಕ್ಕಿಂತ ಕೊನೆಗೆ.

ಹಣ ಹೋಗಿದ್ದರೆ ಮೊದಲ ಹದಿನೈದು ನಿಮಿಷ

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕೆಲವು ಸೆಟ್‌ಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ವೈಫೈ ಉಳಿದಿರುತ್ತದೆ. ವೈಫೈ, ಬ್ಲೂಟೂತ್ ಎರಡೂ ನಿಂತಿವೆಯೇ ಎಂದು ಕಣ್ಣಾರೆ ನೋಡಿ. ಸ್ವಿಚ್ ಆಫ್ ಮಾಡಬೇಡಿ. ಆಂಡ್ರಾಯ್ಡ್‌ನ ಚಾಲ್ತಿ ಲಾಗ್‌ಗಳು ಮೆಮೊರಿಯಲ್ಲಿ ಮಾತ್ರ ಇರುತ್ತವೆ, ಫೋನು ಆರಿದರೆ ಅವೂ ಹೋಗುತ್ತವೆ. ಚಾರ್ಜ್ ಅರ್ಧಕ್ಕಿಂತ ಕಡಿಮೆ ಇದ್ದರೆ ಚಾರ್ಜರ್‌ಗೆ ಹಾಕಿಡಿ.

ಸಿಮ್ ತೆಗೆದು ಮನೆಯಲ್ಲಿರುವ ಕೀಪ್ಯಾಡ್ ಫೋನಿಗೆ ಹಾಕಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಉಪಾಯ ಇಲ್ಲ. ಒಟಿಪಿ ಇನ್ನು ಮುಂದೆ ಕಳ್ಳ ಆ್ಯಪ್ ಇರುವ ಫೋನಿಗೆ ಹೋಗುವುದೇ ಇಲ್ಲ, ದೂರು ದಾಖಲಾದ ಸಂದೇಶವೂ ನಿಮಗೇ ಸಿಗುತ್ತದೆ. ಎರಡು ತೊಡಕು ಬರಬಹುದು. ಒಂದು, ಈಗಿನ ನ್ಯಾನೋ ಸಿಮ್ ಹಳೆಯ ಸೆಟ್‌ಗೆ ಕೂರಲು ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ಇನ್ನೊಂದು, ಜಿಯೋ ಸಿಮ್ ಬರೀ 2ಜಿ ಸೆಟ್‌ನಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೆ 4ಜಿ ಇರುವ ಕೀಪ್ಯಾಡ್ ಫೋನೇ ಆಗಬೇಕು. ಎರಡು ಸಿಮ್ ಇದ್ದರೆ ಬ್ಯಾಂಕಿಗೆ ಕೊಟ್ಟಿರುವ ನಂಬರಿನದ್ದನ್ನು ಮೊದಲು ತೆಗೆಯಿರಿ.

ನಂತರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ, ಸಮಯ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಯುಪಿಐ ಆದರೆ ಅದು 12 ಅಂಕಿಯ ಸಂಖ್ಯೆ. ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ, ಯಾವುದಾದರೂ ಒಂದು ಖಾತೆಯಲ್ಲಿ ನಿಂತಿರುವಾಗಲೇ ತಡೆಹಿಡಿಸುವುದು ಈ ಕರೆಯ ಉದ್ದೇಶ. ಆದ್ದರಿಂದ ‘ನಾಳೆ ಬ್ಯಾಂಕು ತೆಗೆದ ಮೇಲೆ ನೋಡೋಣ’ ಎನ್ನಬಾರದು. ಅದೇ ಉಸಿರಿನಲ್ಲಿ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ನಿಲ್ಲಿಸಿ ಎಂದು ಬಿಡಿಬಿಡಿಯಾಗಿ ಹೇಳಿ. ಬರೀ ‘ಎಟಿಎಂ ಬ್ಲಾಕ್ ಮಾಡಿ’ ಎಂದರೆ ಕಾರ್ಡ್ ಮಾತ್ರ ನಿಲ್ಲುತ್ತದೆ, ಯುಪಿಐ ಓಡುತ್ತಲೇ ಇರುತ್ತದೆ. ದೂರಿನ ಸಂಖ್ಯೆ ಮತ್ತು ಕರೆ ಮಾಡಿದ ಸಮಯವನ್ನು ಕಾಗದದ ಮೇಲೆ ಬರೆದಿಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದು ಎಂದಾದರೆ 3 ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ಆ ಕಾಗದದ ಮೇಲಿನ ಸಮಯಕ್ಕೆ ಅಷ್ಟು ಬೆಲೆ ಇದೆ.

ದೋಷ ಫೋನಿನದ್ದೇನಾ?

ಹಣ ಹೋದ ಮಾತ್ರಕ್ಕೆ ಫೋನಿನ ಮೇಲೆ ಗೂಬೆ ಕೂರಿಸಬಾರದು. ಬ್ಯಾಂಕಿನ ಸಂದೇಶವನ್ನು ಅಥವಾ ಪಾಸ್‌ಬುಕ್ ನಮೂದನ್ನು ಅಕ್ಷರ ಬಿಡದೆ ಓದಿ. ಎಇಪಿಎಸ್ ಎಂದಿದ್ದರೆ ಅದು ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ತೆಗೆದ ಹಣ. ಅದಕ್ಕೆ ಒಟಿಪಿಯೂ ಬೇಡ, ನಿಮ್ಮ ಫೋನೂ ಬೇಡ. ಅಲ್ಲಿ ಮಾಡಬೇಕಾದದ್ದು ಎಂಆಧಾರ್ ಆ್ಯಪ್ ಅಥವಾ ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್, ಅದನ್ನೂ ಬೇರೆ ಫೋನಿನಿಂದ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವ ದಿನ ತಾತ್ಕಾಲಿಕವಾಗಿ ಲಾಕ್ ತೆಗೆಯಬೇಕಾಗುತ್ತದೆ ಎಂಬುದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅಲ್ಲಿ ಹೋಗಿ ಪರದಾಡುತ್ತಾರೆ. ಎಟಿಎಂ ಅಥವಾ ಸ್ವೈಪ್ ಯಂತ್ರದ ನಮೂದಿದ್ದರೆ ಕಾರ್ಡನ್ನು ಶಂಕಿಸಿ. ಯುಪಿಐ, ಐಎಂಪಿಎಸ್ ಅಥವಾ ನೆಟ್ ಬ್ಯಾಂಕಿಂಗ್ ಎಂದಿದ್ದರೆ ಮಾತ್ರ ಮುಂದಿನ ಹುಡುಕಾಟಕ್ಕೆ ಅರ್ಥ.

ಅದರಲ್ಲೂ ಒಂದು ಪ್ರಶ್ನೆ ಮೊದಲು ಕೇಳಿ: ಹಣ ಹೋದ ದಿನ ಯಾರಾದರೂ ಕರೆ ಮಾಡಿ ಎನಿಡೆಸ್ಕ್‌ನಂಥ ದೂರನಿಯಂತ್ರಣ ಆ್ಯಪ್ ಹಾಕಿಸಿದರೇ, ಇಲ್ಲವೇ ವಾಟ್ಸಾಪ್ ವಿಡಿಯೋ ಕರೆಯಲ್ಲಿ ಸ್ಕ್ರೀನ್ ಶೇರ್ ಒತ್ತಿಸಿದರೇ? ಹಾಗಾಗಿದ್ದರೆ ಫೋನಿನಲ್ಲಿ ಕಳ್ಳ ಆ್ಯಪ್ ಎಂಬುದು ಇಲ್ಲದೆಯೂ ಇರಬಹುದು. ನಿಮ್ಮ ಪರದೆಯ ಮೇಲೆ ಬಂದ ಒಟಿಪಿಯನ್ನು ಅವರು ನೇರವಾಗಿ ಓದಿದ್ದಾರೆ. ಪ್ಲೇ ಸ್ಟೋರಿನ ಅಸಲಿ ಆ್ಯಪ್ ಆದ್ದರಿಂದ ಯಾವ ಸ್ಕ್ಯಾನರ್ರೂ ಅದನ್ನು ಹಿಡಿಯುವುದಿಲ್ಲ.

ಒಟಿಪಿಯ ವರ್ತನೆ ನೋಡಿ ದೋಷ ಗುರುತಿಸುವುದು

ರೋಗಲಕ್ಷಣಗಳಲ್ಲಿ ಇದೇ ಹೆಚ್ಚು ಮಾತಾಡುವಂಥದ್ದು. ‘ಒಟಿಪಿ ಸರಿ ಇಲ್ಲ’ ಎಂಬ ಒಂದೇ ದೂರಿನ ಹಿಂದೆ ಐದಾರು ಬೇರೆ ಬೇರೆ ಕಾರಣಗಳಿರುತ್ತವೆ, ಒಂದೊಂದರ ಮದ್ದೂ ಬೇರೆ.

ಯಾವ ಎಸ್ಸೆಮ್ಮೆಸ್ಸೂ ಬರುತ್ತಿಲ್ಲ, ಮೇಲೆ ಸಿಗ್ನಲ್ ಜಾಗದಲ್ಲಿ ‘ನೋ ಸರ್ವೀಸ್’ ಎಂದಿದೆ, ಪಕ್ಕದವರ ಅದೇ ಕಂಪನಿಯ ಸಿಮ್‌ಗೆ ಮಾತ್ರ ಸಿಗ್ನಲ್ ಇದೆ: ನಿಮ್ಮ ನಂಬರಿಗೆ ಬೇರೆಯವರು ಹೊಸ ಸಿಮ್ ಪಡೆದಿರಬಹುದು. ಬೇರೆ ಫೋನಿನಿಂದ ಸಿಮ್ ಕಂಪನಿಗೆ ತಕ್ಷಣ ಕರೆ ಮಾಡಿ. ನೀವೇ ಇವತ್ತು ಸಿಮ್ ಬದಲಿಸಿದ್ದರೆ ಗಾಬರಿ ಬೇಡ. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಿಡುವ ನಿಯಮ ಇದೆ, ಇಂಥ ವಂಚನೆ ತಡೆಯಲೆಂದೇ.

ಗೆಳೆಯರ ಸಂದೇಶ ಬರುತ್ತದೆ, ಬ್ಯಾಂಕಿನದು ಬರುವುದಿಲ್ಲ: ಮೆಸೇಜ್ ಆ್ಯಪ್‌ನ ‘ಸ್ಪ್ಯಾಮ್ ಮತ್ತು ಬ್ಲಾಕ್ಡ್’ ಕಪಾಟನ್ನು ಮೊದಲು ತೆರೆದು ನೋಡಿ. ಸ್ಟೋರೇಜ್ ಪೂರ್ತಿ ತುಂಬಿದ್ದರೂ ಸಂದೇಶ ಇಳಿಯದೆ ಇರಬಹುದು. ವಾಟ್ಸಾಪ್ ಗ್ರೂಪುಗಳ ಗುಡ್ ಮಾರ್ನಿಂಗ್ ವಿಡಿಯೋಗಳಿಂದ ತುಂಬಿದ 32 ಜಿಬಿ ಸೆಟ್‌ಗಳಲ್ಲಿ ಇದು ಸಾಮಾನ್ಯ. ಎರಡೂ ಅಲ್ಲವಾದರೆ ಡಿಫಾಲ್ಟ್ ಎಸ್ಸೆಮ್ಮೆಸ್ ಆ್ಯಪ್ ಯಾವುದೆಂದು ನೋಡಬೇಕು. ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್, ಎಸ್ಸೆಮ್ಮೆಸ್ ಆ್ಯಪ್. ಅಲ್ಲಿ ಫೋನಿನ ಜತೆ ಬಂದ ಮೆಸೇಜಸ್ ಹೆಸರಿನ ಬದಲು ನೀವು ಹಾಕಿಕೊಂಡಿರದ ಬೇರೇನಾದರೂ ಇದ್ದರೆ ಕಳ್ಳ ಸಿಕ್ಕಂತೆಯೇ. ಆಂಡ್ರಾಯ್ಡ್ 4.4ರಿಂದ ಈಚೆಗೆ, ಬಂದ ಎಸ್ಸೆಮ್ಮೆಸ್ ಅಳಿಸುವ ಅಧಿಕಾರ ಡಿಫಾಲ್ಟ್ ಆ್ಯಪ್‌ಗೆ ಮಾತ್ರ ಇರುವುದು. ಉಳಿದ ಆ್ಯಪ್‌ಗಳು ಅನುಮತಿ ಸಿಕ್ಕರೆ ಓದಬಲ್ಲವು, ಅಳಿಸಲಾರವು.

ಈ ಒಂದು ಸಂಗತಿ ಪತ್ತೆಗೆ ಬಹಳ ನೆರವಾಗುತ್ತದೆ. ಕೇಳದ ಒಟಿಪಿಗಳು ಇನ್‌ಬಾಕ್ಸಿನಲ್ಲಿ ಕಾಣುತ್ತಿವೆ ಎಂದರೆ ಕಳ್ಳ ಆ್ಯಪ್ ಬಳಿ ಓದುವ ಅನುಮತಿ ಇರಬಹುದು, ಡಿಫಾಲ್ಟ್ ಪಟ್ಟ ಸಿಕ್ಕಿಲ್ಲ. ಇನ್‌ಬಾಕ್ಸಿನಲ್ಲಿದೆ ಆದರೆ ಸದ್ದೂ ಇಲ್ಲ, ಮೇಲೆ ಸೂಚನೆಯೂ ಇಲ್ಲ ಎಂದರೆ ‘ನೋಟಿಫಿಕೇಶನ್ ಆ್ಯಕ್ಸೆಸ್’ ಪಟ್ಟಿಯನ್ನು ನೋಡಿ. ಆ ಅನುಮತಿ ಪಡೆದ ಆ್ಯಪ್ ಸೂಚನೆಯನ್ನು ನೀವು ನೋಡುವ ಮೊದಲೇ ಒರೆಸಿಹಾಕಬಲ್ಲದು. ಇನ್‌ಬಾಕ್ಸಿನಲ್ಲೂ ಇಲ್ಲ, ಬ್ಯಾಂಕು ಮಾತ್ರ ‘ಕಳಿಸಿದ್ದೇವೆ’ ಎನ್ನುತ್ತದೆ ಎಂದರೆ ಡಿಫಾಲ್ಟ್ ಆ್ಯಪ್ ಅಥವಾ ಸಿಮ್.

ಹೊರಹೋದ ಸಂದೇಶಗಳನ್ನು ಮರೆಯಬೇಡಿ. ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ನೋಂದಣಿಯಾಗುವಾಗ ಆ ನಂಬರಿನ ಸಿಮ್‌ನಿಂದ ಅರ್ಥವಿಲ್ಲದ ಅಕ್ಷರ-ಅಂಕಿಗಳ ಉದ್ದನೆಯ ಒಂದು ಎಸ್ಸೆಮ್ಮೆಸ್ ಹೋಗುತ್ತದೆ. ನೀವು ಹೊಸದಾಗಿ ಯಾವ ಯುಪಿಐ ಆ್ಯಪ್ ಹಾಕಿಕೊಳ್ಳದ ಹೊತ್ತಿನಲ್ಲಿ ಅಂಥ ಸಂದೇಶ ಹೋಗಿದ್ದರೆ, ಕಳ್ಳರು ನಿಮ್ಮ ಸಿಮ್‌ನಿಂದಲೇ ಅದನ್ನು ಕಳಿಸಿ ತಮ್ಮ ಫೋನಿನಲ್ಲಿ ನಿಮ್ಮ ಯುಪಿಐ ಕಟ್ಟಿಕೊಂಡಿದ್ದಾರೆ ಎಂದೇ ಹಿಡಿಯಬೇಕು. ಈ ಸಂದೇಶದ ಸಮಯ ತನಿಖೆಗೆ ಚಿನ್ನದಂಥದ್ದು.

ಕರೆಯ ಮೂಲಕ ಒಟಿಪಿ ಕೇಳುವ ದಾರಿಯೂ ಇದೆ, ಆದ್ದರಿಂದ ಕಾಲ್ ಫಾರ್ವರ್ಡ್ ಪರೀಕ್ಷಿಸಿ. *#21# ಒತ್ತಿದರೆ ಎಲ್ಲ ಕರೆಗಳೂ ಬೇರೆಡೆ ತಿರುಗಿವೆಯೇ ಎಂದು ತಿಳಿಯುತ್ತದೆ; ಸಿಮ್ ಕೀಪ್ಯಾಡ್ ಸೆಟ್‌ನಲ್ಲಿದ್ದರೂ ನಡೆಯುತ್ತದೆ, ಯಾಕೆಂದರೆ ಫಾರ್ವರ್ಡ್ ಕೂರುವುದು ಕಂಪನಿಯ ಜಾಲದಲ್ಲಿ, ಫೋನಿನಲ್ಲಲ್ಲ. ರೀಸೆಟ್ ಮಾಡಿದರೂ ಅದು ಹೋಗದಿರುವುದು ಇದೇ ಕಾರಣಕ್ಕೆ. *#62# ಎಂದರೆ ಫೋನು ಸಿಗದಿದ್ದಾಗಿನ ತಿರುವು. ಇಲ್ಲಿ ಯಾವುದೋ ನಂಬರ್ ಕಂಡರೆ ಹ್ಯಾಕ್ ಎಂದು ಹೌಹಾರಬೇಡಿ. ಮಿಸ್ಡ್ ಕಾಲ್ ಅಲರ್ಟ್ ಸೇವೆಗೆ ಕಂಪನಿಯೇ ಹಾಕಿದ ನಂಬರ್ ಆಗಿರುವುದುಂಟು. *#21#ನಲ್ಲಿ ವಾಯ್ಸ್ ಎದುರು ಗುರುತಿಲ್ಲದ ಹತ್ತಂಕಿಯ ಮೊಬೈಲ್ ನಂಬರ್ ಕಂಡರೆ ಮಾತ್ರ ಅದು ನಿಜವಾದ ಅಪಾಯ. ಪರದೆಯ ಫೋಟೋ ತೆಗೆದಿಟ್ಟು ##002# ಒತ್ತಿದರೆ ಎಲ್ಲ ತಿರುವೂ ರದ್ದು. ಕೋಡ್ ಕೆಲಸ ಮಾಡದಿದ್ದರೆ ಡಯಲರ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಎಂದಿರುತ್ತದೆ.

ನೋಡುವಾಗಲೇ ದಾಖಲಿಸಿ

ಮುಂದಿನ ಹಂತದಲ್ಲಿ ನೀವು ಒಳಗೆ ಕೈ ಹಾಕಲಿದ್ದೀರಿ. ಅದಕ್ಕೆ ಮುನ್ನ ಇನ್ನೊಂದು ಫೋನಿನಿಂದ ಪ್ರತಿ ಪರದೆಯ ಫೋಟೋ ತೆಗೆಯಿರಿ, ಗಡಿಯಾರ ಕಾಣುವ ಹಾಗೆ. ಶಂಕಿತ ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆಯುವುದಕ್ಕಿಂತ ಇದು ಒಳ್ಳೆಯದು, ಅದರೊಳಗೆ ಹೊಸದೇನೂ ಬರೆದಂತಾಗುವುದಿಲ್ಲ. ಎಪಿಕೆ ಬಂದ ವಾಟ್ಸಾಪ್ ಸಂದೇಶ, ಕಳಿಸಿದವರ ನಂಬರ್, ಬ್ಯಾಂಕಿನ ಸಂದೇಶಗಳು, ಹೊರಹೋದ ಎಸ್ಸೆಮ್ಮೆಸ್, ಎಲ್ಲವೂ. ಕಳಿಸಿದ ನೆಂಟರಿಗೆ ಬೇರೆ ಫೋನಿನಿಂದ ಕರೆ ಮಾಡಿ ‘ಗಾಬರಿಯಲ್ಲಿ ಡಿಲೀಟ್ ಫಾರ್ ಎವ್ರಿಒನ್ ಒತ್ತಬೇಡಿ, ನಿಮ್ಮ ಫೋನನ್ನೂ ನೋಡಿಸಿ’ ಎಂದು ಹೇಳಿ.

ಆಂಡ್ರಾಯ್ಡ್ ತಾನೇ ಕೊಡುವ ಬಗ್ ರಿಪೋರ್ಟ್ ಒಂದು ಅಮೂಲ್ಯ ದಾಖಲೆ. ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಅದರಲ್ಲಿ ಬಗ್ ರಿಪೋರ್ಟ್ ಎಂದಿದೆ. ಕೆಲವು ನಿಮಿಷ ಹಿಡಿಯುತ್ತದೆ, ಇಂಟರ್ನೆಟ್ ಬೇಡ. ಯಾವ ಆ್ಯಪ್ ಯಾವ ದಿನ ಎಷ್ಟು ಗಂಟೆಗೆ ಇನ್‌ಸ್ಟಾಲ್ ಆಯಿತು, ಯಾವ ಅನುಮತಿ ಪಡೆದಿದೆ ಎಂಬುದೆಲ್ಲ ಆ ಜಿಪ್ ಫೈಲಿನಲ್ಲಿ ಇರುತ್ತದೆ. ಇದನ್ನು ಫೋನ್ ರೀಸ್ಟಾರ್ಟ್ ಮಾಡುವ ಮೊದಲೇ ತೆಗೆಯಬೇಕು. ಫೋನಿಗೇ ಸಿಕ್ಕಿಸಬಹುದಾದ ಒಟಿಜಿ ಪೆನ್‌ಡ್ರೈವ್‌ಗೆ ಉಳಿಸಿ, ಡೆವಲಪರ್ ಆಪ್ಷನ್ಸ್ ಮತ್ತೆ ಆಫ್ ಮಾಡಿ. ಆ ಫೈಲಿನಲ್ಲಿ ನಿಮ್ಮ ಖಾಸಗಿ ಸಂಗತಿಗಳೂ ಇರುವುದರಿಂದ ತನಿಖಾಧಿಕಾರಿಯ ಹೊರತು ಯಾರಿಗೂ ವಾಟ್ಸಾಪ್ ಮಾಡಬೇಡಿ.

ಎಪಿಕೆ ಫೈಲು ಡೌನ್‌ಲೋಡ್ಸ್‌ನಲ್ಲೋ ವಾಟ್ಸಾಪ್ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲೋ ಇರುತ್ತದೆ. ಅದನ್ನೂ ಪೆನ್‌ಡ್ರೈವ್‌ಗೆ ನಕಲಿಸಿ. ವಿಂಡೋಸ್ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಆದೇಶ ಕೊಟ್ಟರೆ ಆ ಫೈಲಿನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ 64 ಅಕ್ಷರದ ಬೆರಳಚ್ಚು ಸಿಗುತ್ತದೆ. ಫೈಲಿನ ಒಂದು ಬಿಟ್ ಬದಲಾದರೂ ಈ ಬೆರಳಚ್ಚು ಪೂರ್ತಿ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸುವ ಜಾಗವೇ ಇದೆ, ಆದ್ದರಿಂದ ಇದನ್ನು ಬರೆದಿಟ್ಟರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಶಂಕಿತ ಫೈಲುಗಳನ್ನು ಪರೀಕ್ಷಿಸುವ ವೈರಸ್‌ಟೋಟಲ್ ತಾಣದಲ್ಲಿ ಈ ಹ್ಯಾಶ್ ಹಾಕಿ ಹುಡುಕಬಹುದು. ಫಲಿತಾಂಶ ಸಿಗದಿದ್ದರೆ ಫೈಲು ಶುದ್ಧ ಎಂದಲ್ಲ. ಒಬ್ಬೊಬ್ಬರಿಗೆ ಒಂದೊಂದು ಸ್ವಲ್ಪ ಬದಲಾದ ಪ್ರತಿ ಕಳಿಸುವುದು ಇವರ ಕಸುಬು.

ಕಳ್ಳ ಆ್ಯಪ್ ಎಲ್ಲಿ ಅಡಗುತ್ತದೆ

ಹೋಂ ಸ್ಕ್ರೀನಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಐಕಾನ್ ಮರೆಮಾಚುವುದು ಅದರ ಮೊದಲ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಸೀ ಆಲ್ ಆ್ಯಪ್ಸ್ ತೆರೆದು ಮೇಲಿಂದ ಕೆಳಗೆ ಒಂದೊಂದನ್ನೇ ನೋಡಿ. ಹೆಸರೇ ಇಲ್ಲದ ಖಾಲಿ ಐಕಾನು, ‘ಸಿಸ್ಟಮ್ ಅಪ್‌ಡೇಟ್’ ಎಂಬ ಹೆಸರು, ಎರಡನೇ ಸಲ ಕಾಣುವ ‘ಗೂಗಲ್ ಪ್ಲೇ’, ನೀವು ಖಾತೆ ಹೊಂದಿಲ್ಲದ ಬ್ಯಾಂಕಿನ ಹೆಸರು: ಇವು ಶಂಕಿತರು. ಪ್ರತಿಯೊಂದರ ಆ್ಯಪ್ ಇನ್ಫೋ ಪುಟದ ತಳಕ್ಕೆ ಹೋದರೆ ಅದು ಎಲ್ಲಿಂದ ಬಂತು ಎಂದು ಬರೆದಿರುತ್ತದೆ. ಪ್ಲೇ ಸ್ಟೋರ್ ಅಥವಾ ಫೋನ್ ಕಂಪನಿಯ ಸ್ಟೋರ್ ಎಂದಿದ್ದರೆ ಒಂದು ಮಟ್ಟಿಗೆ ನಿರಾಳ. ಪ್ಯಾಕೇಜ್ ಇನ್‌ಸ್ಟಾಲರ್ ಎಂದಿದ್ದರೆ ಹೊರಗಿನಿಂದ ಕೈಯಾರೆ ಹಾಕಿದ್ದು.

ಸಾಮಾನ್ಯವಾಗಿ ಒಂದಲ್ಲ, ಎರಡು ಇರುತ್ತವೆ. ಮೊದಲು ಹಾಕಿದ್ದು ಬಾಗಿಲು ತೆರೆಯುವ ಆಳು ಮಾತ್ರ. ಅದು ‘ಅಪ್‌ಡೇಟ್ ಬೇಕು’ ಎಂದು ಕೇಳಿ ಒಳಗಿಂದ ಇನ್ನೊಂದನ್ನು ಇನ್‌ಸ್ಟಾಲ್ ಮಾಡಿಸುತ್ತದೆ, ಕದಿಯುವುದು ಆ ಎರಡನೆಯದು. ಚಲನ್ ಹೆಸರಿನದನ್ನು ಅಳಿಸಿ ಕೈತೊಳೆದುಕೊಂಡವರ ಹಣ ಮತ್ತೆ ಹೋಗುವುದು ಇದರಿಂದಲೇ.

ಹೆಸರು ನೋಡಿ ಗುರುತಿಸಲಾಗದಿದ್ದರೆ ಅಧಿಕಾರ ನೋಡಿ ಗುರುತಿಸಿ. ಆಕ್ಸೆಸಿಬಿಲಿಟಿಯಲ್ಲಿ ‘ಡೌನ್‌ಲೋಡೆಡ್ ಆ್ಯಪ್ಸ್’ ಭಾಗ ಸಾಮಾನ್ಯ ಬಳಕೆದಾರರಲ್ಲಿ ಖಾಲಿ ಇರಬೇಕು; ಕಣ್ಣಿನ ತೊಂದರೆ ಇರುವವರು ಬಳಸುವ ಆ್ಯಪ್ ಇದ್ದರೆ ಅದೊಂದು ಬೇರೆ ಮಾತು. ಈ ಅನುಮತಿ ಕೊಟ್ಟರೆ ಆ್ಯಪ್ ಪರದೆ ಓದುತ್ತದೆ, ನಿಮ್ಮ ಪರವಾಗಿ ಬಟನ್ ಒತ್ತುತ್ತದೆ. ಆಂಡ್ರಾಯ್ಡ್ 13ರಿಂದ ಹೊರಗಿನ ಆ್ಯಪ್‌ಗೆ ಇದನ್ನು ಸುಲಭವಾಗಿ ಕೊಡಲು ಬಿಡುವುದಿಲ್ಲ, ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’ ಎಂದು ತಡೆಯುತ್ತದೆ. ಅದನ್ನು ತೆಗೆಯುವುದು ಹೇಗೆಂದು ಕಳ್ಳರೇ ಕರೆ ಮಾಡಿ ಹೇಳಿಕೊಡುತ್ತಾರೆ. ಹಾಗೆಯೇ ಸ್ಪೆಷಲ್ ಆ್ಯಪ್ ಆ್ಯಕ್ಸೆಸ್‌ನಲ್ಲಿ ಡಿವೈಸ್ ಅಡ್ಮಿನ್, ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್, ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಪಟ್ಟಿಗಳನ್ನು ನೋಡಿ. ಕೊನೆಯದರಲ್ಲಿ ವಾಟ್ಸಾಪ್ ಎದುರು ‘ಅಲೋಡ್’ ಎಂದಿದ್ದರೆ ಬಾಗಿಲು ತೆರೆದೇ ಇದೆ ಎಂದರ್ಥ. ಪರ್ಮಿಷನ್ ಮ್ಯಾನೇಜರ್‌ನಲ್ಲಿ ಎಸ್ಸೆಮ್ಮೆಸ್ ತೆರೆದರೆ ಯಾರ್ಯಾರಿಗೆ ಓದುವ ಹಕ್ಕಿದೆ ಎಂದು ಕಾಣುತ್ತದೆ. ಲಗ್ನಪತ್ರಿಕೆಗೆ ಎಸ್ಸೆಮ್ಮೆಸ್ ಓದುವ ಕೆಲಸ ಏನಿದೆ? ಕೆಟ್ಟ ಆ್ಯಪ್‌ಗಳನ್ನು ತಪಾಸಿಸುವ ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್ ಆಫ್ ಆಗಿದ್ದು, ನೀವು ಆಫ್ ಮಾಡಿದ ನೆನಪಿಲ್ಲದಿದ್ದರೆ ಅದೂ ಒಂದು ಗುರುತು.

ಫೈಲು ಡೌನ್‌ಲೋಡ್ ಆಗಿದೆ, ಇನ್‌ಸ್ಟಾಲ್ ಒತ್ತಿಲ್ಲ ಎಂದಾದರೆ ಏನೂ ಆಗಿಲ್ಲ. ಕಪಾಟಿನಲ್ಲಿ ಮಲಗಿರುವ ಎಪಿಕೆ ತಾನಾಗಿ ಓಡುವುದಿಲ್ಲ.

ಅಳಿಸಲು ಬಿಡದಿದ್ದರೆ

ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಅದಕ್ಕೆ ಡಿವೈಸ್ ಅಡ್ಮಿನ್ ಅಧಿಕಾರ ಸಿಕ್ಕಿದೆ. ಮೊದಲು ಆ ಪಟ್ಟಿಯಲ್ಲಿ ಡಿಆಕ್ಟಿವೇಟ್ ಮಾಡಿ, ಆಮೇಲೆ ಅಳಿಸಿ. ಆ್ಯಪ್ ಇನ್ಫೋ ಪುಟ ತೆರೆದ ಕೂಡಲೇ ತಾನಾಗಿ ಹಿಂದಕ್ಕೆ ಹೋಗುತ್ತಿದ್ದರೆ ಪರದೆ ಕೆಟ್ಟಿದೆ ಎಂದುಕೊಳ್ಳಬೇಡಿ. ಆಕ್ಸೆಸಿಬಿಲಿಟಿ ಬಲದಿಂದ ಆ ಆ್ಯಪ್ ತಾನೇ ‘ಬ್ಯಾಕ್’ ಒತ್ತುತ್ತಿದೆ. ಆಗ ಸೇಫ್ ಮೋಡ್ ಬೇಕು. ಪವರ್ ಮೆನು ತಂದು ‘ಪವರ್ ಆಫ್’ ಗುಂಡಿಯನ್ನು ಒತ್ತಿ ಹಿಡಿದರೆ ಬಹಳಷ್ಟು ಸೆಟ್‌ಗಳಲ್ಲಿ ಸೇಫ್ ಮೋಡ್ ಕೇಳುತ್ತದೆ. ಅಲ್ಲಿ ಹೊರಗಿಂದ ಬಂದ ಯಾವ ಆ್ಯಪ್ಪೂ ಓಡುವುದಿಲ್ಲ, ಅಡ್ಮಿನ್ ತೆಗೆದು ನೆಮ್ಮದಿಯಿಂದ ಅಳಿಸಬಹುದು. ಇದು ರೀಸ್ಟಾರ್ಟ್ ಆದ್ದರಿಂದ ಬಗ್ ರಿಪೋರ್ಟ್ ತೆಗೆದ ಮೇಲಷ್ಟೇ. ದೂರು ಕೊಡುವುದಿದ್ದರೆ, ನಮ್ಮ ಸಲಹೆ: ಅಳಿಸಲೇ ಬೇಡಿ, ಏರೋಪ್ಲೇನ್ ಮೋಡ್‌ನಲ್ಲೇ ಇಟ್ಟು ಠಾಣೆಗೆ ಒಯ್ಯಿರಿ.

ಬಿಸಿ, ಬ್ಯಾಟರಿ, ಡೇಟಾ

‘ಫೋನು ಬಿಸಿಯಾಗುತ್ತಿದೆ, ಹ್ಯಾಕ್ ಆಗಿದೆ’ ಎಂಬ ದೂರು ಏಪ್ರಿಲ್ ಬಂತೆಂದರೆ ಹೆಚ್ಚುತ್ತದೆ. ಚಿತ್ರದುರ್ಗದ ಬಂಡೆ ಕಾಯುವ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನು ಬಿಸಿಯಾಗದೆ ಇನ್ನೇನಾದೀತು? ಆ್ಯಪಲ್ ತನ್ನ ಫೋನಿಗೆ ಹೇಳುವ ಬಳಕೆಯ ಮಿತಿಯೇ 35 ಡಿಗ್ರಿ. ಎರಡನೇ ಕಾರಣ ಸಿಗ್ನಲ್. ಮೊಳಕಾಲ್ಮೂರು, ಹೊಸದುರ್ಗದ ಕಡೆ ಟವರ್ ದೂರವಿರುವ ಹಳ್ಳಿಗಳಲ್ಲಿ ಫೋನು ಟವರನ್ನು ಮುಟ್ಟಲು ಪೂರ್ತಿ ಶಕ್ತಿಯಲ್ಲಿ ಕೂಗುತ್ತಿರುತ್ತದೆ, ಬ್ಯಾಟರಿ ಕರಗುತ್ತದೆ. ಪರೀಕ್ಷೆ ಸುಲಭ: ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಶೇಕಡಾವಾರು ಬರೆದಿಟ್ಟು ಮಲಗಿ. ಬೆಳಿಗ್ಗೆ ನಾಲ್ಕೈದು ಶೇಕಡಾ ಇಳಿದಿದ್ದರೆ ಫೋನು ಸರಿ ಇದೆ, ದೋಷ ಸಿಗ್ನಲ್‌ನದು. ಇಪ್ಪತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಬ್ಯಾಟರಿ ಸವೆದಿದೆ ಅಥವಾ ಒಂದು ಆ್ಯಪ್ ಎದ್ದೇ ಕೂತಿದೆ. ಬ್ಯಾಟರಿ ಯೂಸೇಜ್ ಪುಟ ಯಾವುದೆಂದು ಹೇಳುತ್ತದೆ.

ಇದಕ್ಕೆ ತಿರುಗುಮುರುಗಾದ ತಪ್ಪು ಇನ್ನೂ ಅಪಾಯದ್ದು: ‘ಬಿಸಿಯೂ ಇಲ್ಲ, ಡೇಟಾವೂ ಖರ್ಚಾಗಿಲ್ಲ, ಹಾಗಾಗಿ ಏನೂ ಇಲ್ಲ’ ಎನ್ನುವುದು. ಎಸ್ಸೆಮ್ಮೆಸ್ ಕದಿಯುವ ಆ್ಯಪ್ ಒಂದು ಒಟಿಪಿಗೆ ಕಳಿಸುವುದು ನೂರಾರು ಅಕ್ಷರ ಅಷ್ಟೇ. ಒಂದು ಫೋಟೋ ಕಳಿಸುವಷ್ಟು ಡೇಟಾದಲ್ಲಿ ಸಾವಿರಾರು ಒಟಿಪಿ ಸಾಗಿಸಬಹುದು. ಪರದೆಯನ್ನೇ ನೇರ ತೋರಿಸುವ ಬಗೆಯದು ಮಾತ್ರ ಡೇಟಾ ಪುಟದಲ್ಲಿ ಎದ್ದು ಕಾಣುತ್ತದೆ.

ಮೈಕ್, ಕ್ಯಾಮೆರಾ ಬಗ್ಗೆ ಅನುಮಾನವಿದ್ದರೆ ಆಂಡ್ರಾಯ್ಡ್ 12ರಿಂದ ಪ್ರೈವಸಿ ಡ್ಯಾಶ್‌ಬೋರ್ಡ್ ಇದೆ. ಕಳೆದ 24 ಗಂಟೆಯಲ್ಲಿ ಯಾರು ಬಳಸಿದರು ಎಂದು ತೋರಿಸುತ್ತದೆ. ಐಫೋನಿನಲ್ಲಿ ಹೊರಗಿನ ಎಪಿಕೆಯ ಕಾಟ ಇಲ್ಲ. ಅಲ್ಲಿ ಆ್ಯಪಲ್ ಐಡಿಗೆ ಸೇರಿದ ಸಾಧನಗಳು, ಸೆಟ್ಟಿಂಗ್ಸ್‌ನ ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್ ಪುಟ ನೋಡಿದರೆ ಹೆಚ್ಚಿನ ಕೆಲಸ ಮುಗಿಯುತ್ತದೆ.

ಫೋನಿನೊಳಗೆ ನುಸುಳಿ ಬೇಹುಗಾರಿಕೆ ಮಾಡುವ ತಂತ್ರಾಂಶ ‘ಪೆಗಾಸಸ್ ಇರಬಹುದಾ’ ಎಂದು ಕೇಳುವವರೂ ಇದ್ದಾರೆ. ಸುಪ್ರೀಂ ಕೋರ್ಟ್ 2021ರಲ್ಲಿ ನೇಮಿಸಿದ ತಾಂತ್ರಿಕ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ 5ರಲ್ಲಿ ಯಾವುದೋ ಕುತಂತ್ರಾಂಶ ಕಂಡಿತು, ಆದರೆ ಅದು ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಪರಿಣತರ ಸಮಿತಿಯ ಪಾಡೇ ಹೀಗಿರುವಾಗ, ಐದು ನಿಮಿಷದ ‘ಸ್ಕ್ಯಾನ್’ಗೆ ದುಡ್ಡು ಕೇಳಿ ಹ್ಯಾಕ್ ಆಗಿದೆ ಎನ್ನುವವರ ಮಾತು ನಂಬಬೇಡಿ.

ವಾಟ್ಸಾಪ್ ಮಾತ್ರ ಕೆಟ್ಟಿದ್ದರೆ

ನಿಮ್ಮ ಹೆಸರಿನಲ್ಲಿ ನೆಂಟರಿಗೆ ಹಣ ಕೇಳುವ ಸಂದೇಶ ಹೋಗುತ್ತಿದೆ, ಫೋನಿನಲ್ಲಿ ಮೇಲಿನ ಯಾವ ಗುರುತೂ ಇಲ್ಲ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ತೆರೆಯಿರಿ. ಒಂದು ಖಾತೆಗೆ 4 ಸಾಧನಗಳ ತನಕ ಜೋಡಿಸಬಹುದು. ಗುರುತಿಲ್ಲದ್ದು ಇದ್ದರೆ ಫೋಟೋ ತೆಗೆದು ಲಾಗ್ ಔಟ್ ಮಾಡಿ. ವಾಟ್ಸಾಪ್ ನಿಮ್ಮನ್ನೇ ಹೊರಹಾಕಿದ್ದರೆ ಅದೇ ನಂಬರಿನಿಂದ ಮತ್ತೆ ನೋಂದಾಯಿಸಿ, ಆಗ ಕಳ್ಳರು ಹೊರಬೀಳುತ್ತಾರೆ. ಟೂ-ಸ್ಟೆಪ್ ವೆರಿಫಿಕೇಶನ್‌ನ 6 ಅಂಕಿಯ ಪಿನ್ ಕೂಡಲೇ ಇಡಿ. ಅವರು ಮೊದಲೇ ಪಿನ್ ಇಟ್ಟಿದ್ದರೆ 7 ದಿನ ಕಾಯಬೇಕಾಗುತ್ತದೆ. ಆ ಅವಧಿಯಲ್ಲಿ ಬಂಧುಬಳಗಕ್ಕೆಲ್ಲ ಕರೆ ಮಾಡಿ ಎಚ್ಚರಿಸುವುದು ನಿಮ್ಮ ಹೊಣೆ.

ಹತ್ತಿರದವರೇ ಇಟ್ಟಿದ್ದರೆ

ಹಣ ಹೋಗಿಲ್ಲ, ಆದರೆ ನೀವು ಎಲ್ಲಿ ಹೋದಿರಿ, ಯಾರ ಜತೆ ಮಾತಾಡಿದಿರಿ ಎಂಬುದು ಒಬ್ಬರಿಗೆ ಮಾತ್ರ ಗೊತ್ತಾಗುತ್ತಿದೆ. ಇಂಥಲ್ಲಿ ಫೋನನ್ನು ಕೈಗೆತ್ತಿಕೊಂಡು ಯಾರೋ ಹಾಕಿದ್ದು. ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್, ಲಿಂಕ್ಡ್ ಡಿವೈಸಸ್, ಗೂಗಲ್ ಖಾತೆಯ ಸಾಧನಗಳ ಪಟ್ಟಿ, ಆಕ್ಸೆಸಿಬಿಲಿಟಿ ಈ ನಾಲ್ಕನ್ನು ನೋಡಿ. ಆದರೆ ಕಂಡ ತಕ್ಷಣ ಕಿತ್ತುಹಾಕಬೇಡಿ. ಕಿತ್ತ ಕ್ಷಣವೇ ಹಾಕಿದವರಿಗೆ ತಿಳಿಯುತ್ತದೆ. ಮನೆಯಲ್ಲಿ ಹೊಡೆತ ಬಡಿತದ ಭಯ ಇದ್ದರೆ ಅದು ಪ್ರಾಣಕ್ಕೇ ಅಪಾಯ. ಬೇರೆಯವರ ಫೋನಿನಿಂದ 181 ಮಹಿಳಾ ಸಹಾಯವಾಣಿಗೆ, ತುರ್ತಾದರೆ 112ಕ್ಕೆ ಕರೆ ಮಾಡಿ. ಜಾಗ ಸುರಕ್ಷಿತವಾದ ಮೇಲೆ ಫೋನಿನ ಮಾತು.

ಠಾಣೆಗೆ ಒಯ್ಯುವಾಗ

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಠಾಣೆ ಇದೆ. ಚನ್ನಗಿರಿಯಿಂದಲೋ ಹಿರಿಯೂರಿನಿಂದಲೋ ಅಲ್ಲಿಗೆ ಬರಲು ಅಂದು ಆಗದಿದ್ದರೆ ಹತ್ತಿರದ ಠಾಣೆಯಲ್ಲೇ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ಕೊಡಲು ಅವಕಾಶ ಕೊಡುತ್ತದೆ, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು ಎಂದೂ ಹೇಳುತ್ತದೆ. 1930ರ ದೂರಿನ ಸಂಖ್ಯೆ, ಬ್ಯಾಂಕ್ ಸ್ಟೇಟ್‌ಮೆಂಟ್, ತೆಗೆದ ಫೋಟೋಗಳು, ಎಪಿಕೆ ಮತ್ತು ಬಗ್ ರಿಪೋರ್ಟ್ ಇರುವ ಪೆನ್‌ಡ್ರೈವ್, ಹ್ಯಾಶ್ ಬರೆದ ಚೀಟಿ, *#06# ಒತ್ತಿದಾಗ ಕಾಣುವ ಐಎಂಇಐ ಸಂಖ್ಯೆಗಳು (ಫೋನಿನ ಗುರುತಿನ ಸಂಖ್ಯೆಗಳು) ಒಟ್ಟಿಗಿರಲಿ. ಫೋನನ್ನೇ ವಶಕ್ಕೆ ಪಡೆದರೆ ಪಂಚನಾಮೆಯಲ್ಲಿ ಐಎಂಇಐ ಬರೆದಿದೆಯೇ ಎಂದು ಓದಿ ಸಹಿ ಮಾಡಿ.

ಈಗ ರೀಸೆಟ್

ಮೊದಲು ಬೇರೆ, ಶುದ್ಧವಾದ ಫೋನಿನಿಂದ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಗುರುತಿಲ್ಲದ ಸಾಧನಗಳನ್ನೆಲ್ಲ ಹೊರಹಾಕಿ, ರಿಕವರಿ ನಂಬರ್ ನಿಮ್ಮದೇ ಇದೆಯೇ ನೋಡಿ. ರೋಗ ಇರುವ ಫೋನಿನಲ್ಲೇ ಪಾಸ್‌ವರ್ಡ್ ಬದಲಿಸಿದರೆ ಹೊಸದನ್ನೂ ಅವರಿಗೇ ಒಪ್ಪಿಸಿದಂತೆ. ಆ ಹೊಸ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ, ರೀಸೆಟ್ ಆದ ಮೇಲೆ ಫೋನು ಹಳೆಯ ಗೂಗಲ್ ಖಾತೆಯನ್ನೇ ಕೇಳಬಹುದು. ಮರೆತರೆ ಸೆಟ್ ಲಾಕ್ ಆಗಿ ಅಂಗಡಿ ಅಲೆಯಬೇಕು. ಫೋಟೋ, ಕಾಂಟ್ಯಾಕ್ಟ್ ಪ್ರತಿ ತೆಗೆದುಕೊಂಡು ಎರೇಸ್ ಆಲ್ ಡೇಟಾ ಕೊಡಿ.

ಹೊಸದಾಗಿ ಎದ್ದ ಫೋನಿಗೆ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ಒಂದೊಂದಾಗಿ ಹಾಕಿ. ವಾಟ್ಸಾಪ್ ಬ್ಯಾಕಪ್ ತಂದಾಗ ಆ ಎಪಿಕೆ ಸಂದೇಶವೂ ಚಾಟ್‌ನಲ್ಲಿ ಮರಳಿ ಕಂಡೀತು. ಮಕ್ಕಳ ಕೈಗೆ ಫೋನು ಹೋಗುವ ಮುನ್ನ ಅದನ್ನು ಅಳಿಸಿ. ಯುಪಿಐ ಪಿನ್ ಹೊಸದು ಇಡಿ, ಹಳೆಯ ಯುಪಿಐ ನೋಂದಣಿಗಳೆಲ್ಲ ರದ್ದಾಗಿವೆ ಎಂದು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಬೈಕಿಗೆ ನಿಜವಾಗಿ ದಂಡ ಬಿದ್ದಿದೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು, ಇಲ್ಲವೇ ಸಂಚಾರ ಠಾಣೆಯಲ್ಲಿ ಕೇಳಬಹುದು. ಸಿಮ್ಮನ್ನು ಕೀಪ್ಯಾಡ್ ಸೆಟ್‌ನಿಂದ ವಾಪಸ್ ತರುವುದು ಇಷ್ಟೆಲ್ಲ ಮುಗಿದ ಮೇಲೆ, ಇನ್ನೊಮ್ಮೆ *#21# ಒತ್ತಿ ನೋಡಿ.